ಹನ್ನೆರಡು ನಿಮಿಷದ ಮೇಷ್ಟ್ರು

ನಮ್ಮ ಇರ್ಬಿದ್ ಊರಿನಲ್ಲಿ ನನ್ನನ್ನು ಹನ್ನೆರಡು ನಿಮಿಷದ ಮೇಷ್ಟ್ರು ಎನ್ನುತ್ತಾರೆ. ಹೆಸರು ಮುವಫ್ಫಕ್, ಅಂದರೆ ಯಶಸ್ಸು ಕಂಡವನು. ಅಪ್ಪನನ್ನು ಬೈಯುವಂತಿಲ್ಲ. ಹೆಸರಿಡುವಾಗ ನನಗೆ ಏಳು ದಿನ, ಲಕ್ಷಣ ಇನ್ನೂ ಕಾಣಿಸಿಕೊಂಡಿರಲಿಲ್ಲ.

ಹಗಲೆಲ್ಲ ಮನೆ, ಅಂಗಡಿ, ದವಾಖಾನೆಗಳಿಗೆ ಇಂಟರ್ನೆಟ್ ತಂತಿ ಎಳೆಯುತ್ತೇನೆ. ವಾರಕ್ಕೆ ಮೂರು ಸಂಜೆ ಹಾಲಾ ಮೇಡಂ ನಡೆಸುವ ತರಬೇತಿ ಕೇಂದ್ರದಲ್ಲಿ ಹದಿನಾಲ್ಕು ಮಂದಿಗೆ ನೆಟ್‌ವರ್ಕಿಂಗ್ ಪರೀಕ್ಷೆಯ ಪಾಠ. ಪರೀಕ್ಷೆಗೆ ಎರಡು ಗಂಟೆ, ಎಪ್ಪತ್ತು ಪ್ರಶ್ನೆ. ಹೆಚ್ಚಿನವು ಸರಿಯುತ್ತರ ಆರಿಸುವಂಥವು. ಮೂರು ಮಾತ್ರ ಮಾಡಿ ತೋರಿಸುವಂಥವು. ಪರದೆಯ ಮೇಲೆ ಯಾವುದೋ ಕಂಪನಿಯ ಕೆಟ್ಟ ನೆಟ್‌ವರ್ಕ್ ಬರುತ್ತದೆ, ಅದನ್ನು ರಿಪೇರಿ ಮಾಡಬೇಕು. ಮುಂದಿನ ಪ್ರಶ್ನೆಗೆ ಹೋದ ಮೇಲೆ ಹಿಂದಕ್ಕೆ ಬರುವ ಹಾಗಿಲ್ಲ. ಜನ ಮುಳುಗುವುದು ಅಲ್ಲೇ. ಅದಕ್ಕೆ ನನ್ನ ಸೂತ್ರ: ಇಂಥ ಪ್ರಶ್ನೆಗೆ ಹನ್ನೆರಡು ನಿಮಿಷ. ಕೇಳಿದ್ದನ್ನಷ್ಟೇ ಮಾಡಿ. ಆದರೂ ಸರಿ, ಆಗದಿದ್ದರೂ ಸರಿ, ಕೈ ತೆಗೆದು ಮುಂದೆ ಹೋಗಿ.

ಈ ಪರೀಕ್ಷೆಯ ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯಸ್ಸು. ನನ್ನದು ಆ ತಿಂಗಳ ಕೊನೆಗೆ ತೀರುತ್ತಿತ್ತು.

“ಮತ್ತೆ ಬರೆದು ಬನ್ನಿ ಮೇಷ್ಟ್ರೇ,” ಎಂದರು ಹಾಲಾ ಮೇಡಂ. “ಪತ್ರ ಇಲ್ದೋರ ಹತ್ರ ಪಾಠ ಮಾಡ್ಸೋ ಹಾಗಿಲ್ಲ, ನಿಮಗೇ ಗೊತ್ತು. ತಿಂಗಳಾಚೆ ಆದ್ರೆ ಕ್ಲಾಸ್ ಸಬ್ರೀನ್‌ಗೆ ಕೊಡ್ತೀನಿ.”

ಸಬ್ರೀನ್ ನನ್ನದೇ ಶಿಷ್ಯೆ, ಹೋದ ವರ್ಷ ಪಾಸಾದವಳು, ಈಗ ಕ್ಲಾಸಿನಲ್ಲಿ ನನಗೆ ನೆರವಾಗುತ್ತಾಳೆ. ನಾನು ನಕ್ಕೆ. ಆದರೆ ಅದು ನಗುವ ಮಾತಾಗಿರಲಿಲ್ಲ. ಏಣಿಯ ಮೇಲೆ ನಾನು ಬರೀ ತಂತಿಯವನು. ಆ ಕೋಣೆಯೊಳಗೆ ಮಾತ್ರ ನಾನು ಮಾತಾಡಿದರೆ ಹದಿನಾಲ್ಕು ಪೆನ್ನು ಓಡುತ್ತವೆ. ಅದು ಹೋದರೆ ನನ್ನ ಬಳಿ ಏಣಿಯೊಂದೇ ಉಳಿಯುತ್ತಿತ್ತು.

ರಾಜಧಾನಿ ಅಮ್ಮಾನಿಗೆ ಬಸ್ಸು ಹಿಡಿದು ಹೋಗಿ ಪರೀಕ್ಷೆಗೆ ಕೂತೆ. ಒಂಬತ್ತನೆಯದೇ ಮಾಡಿ ತೋರಿಸುವ ಪ್ರಶ್ನೆ. ಮಾರಾಟ ವಿಭಾಗದ ಕಂಪ್ಯೂಟರುಗಳು ಸರ್ವರಿಗೆ ತಲುಪುತ್ತಿಲ್ಲ, ತಲುಪಿಸಿ. ತಂತಿಗಳೆಲ್ಲ ಸೇರುವ ಸ್ವಿಚ್ ಪೆಟ್ಟಿಗೆಗಳು ಎರಡು, ಅವುಗಳ ನಡುವಿನ ತಂತಿಯಲ್ಲಿ ಆ ವಿಭಾಗಕ್ಕೆ ದಾರಿಯನ್ನೇ ಬಿಟ್ಟಿರಲಿಲ್ಲ. ನಾಲ್ಕು ನಿಮಿಷದಲ್ಲಿ ದಾರಿ ಬಿಟ್ಟೆ. ಆಯಿತು, ಮುಂದಿನ ಪ್ರಶ್ನೆಗೆ ಹೋಗಬೇಕಿತ್ತು.

ನಮ್ಮೂರಿನಲ್ಲಿ ಒಂದು ಮನೆಗೆ ಕರೆದಾಗ ಒಂದೇ ಕೆಲಸ ಮಾಡಿ ಎದ್ದು ಬರುವುದು ಸಭ್ಯರ ಲಕ್ಷಣವಲ್ಲ. ರೂಟರ್ ಸರಿಮಾಡಿದ ಕೂಡಲೇ ಚಹಾ ಬರುತ್ತದೆ, ಚಹಾದ ಹಿಂದೆಯೇ “ಹೆಂಗೂ ಬಂದಿದ್ದೀರಲ್ಲಾ” ಎಂಬ ಮಾತು ಬರುತ್ತದೆ. ಹೆಂಗೂ ಬಂದಿದ್ದೀರಲ್ಲಾ, ಟಿವಿ ನೋಡಿ. ಹೆಂಗೂ ಬಂದಿದ್ದೀರಲ್ಲಾ, ಮೇಲಿನ ಮನೆಯ ಅತ್ತಿಗೆಯ ಪ್ರಿಂಟರ್ ನೋಡಿ. ಇಪ್ಪತ್ತೆರಡು ವರ್ಷದಿಂದ ನೋಡುತ್ತಲೇ ಇದ್ದೇನೆ. ಈಗ ಯಾರೂ ಹೇಳಬೇಕಾಗಿಲ್ಲ, ಕೈ ತಾನಾಗಿಯೇ ಹೋಗುತ್ತದೆ.

ಹೋಯಿತು. ಆ ಕಂಪನಿಯ ಒಂದು ತಂತಿಗೂ ಹೆಸರು ಬರೆದಿರಲಿಲ್ಲ. ಇಪ್ಪತ್ತನಾಲ್ಕಕ್ಕೂ ಬರೆದೆ. ಗೋದಾಮಿನ ಕಂಪ್ಯೂಟರಿನ ವಿಳಾಸ ತಪ್ಪಿತ್ತು, ತಿದ್ದಿದೆ. ಆಜ್ಞೆ ಬರೆಯುವ ಅವಸರದಲ್ಲಿ ಒಂದಕ್ಷರ ತಪ್ಪು ಒತ್ತಿದೆ. ರೂಟರ್ ಅದನ್ನು ಯಾವುದೋ ಯಂತ್ರದ ಹೆಸರೆಂದುಕೊಂಡು ಅರ್ಧ ನಿಮಿಷ ಹುಡುಕಲು ಹೊರಟಿತು. ಹುಡುಕಲಿ ಪಾಪ ಎಂದು ಕಾದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ನಾನು ಇಡೀ ಬದನೆ ತೋಟವನ್ನೇ ತಿನ್ನುತ್ತಿದ್ದೆ. ತಲೆಯೆತ್ತಿದಾಗ ನಲವತ್ತೊಂದು ನಿಮಿಷ ಆಗಿತ್ತು. ಇನ್ನೂ ಹತ್ತೊಂಬತ್ತು ಪ್ರಶ್ನೆ ಉಳಿದಿರುವಾಗಲೇ ಹೊತ್ತು ಮುಗಿಯಿತು. ಫೇಲು.

ಮರುದಿನ ಕ್ಲಾಸಿಗೆ ಹೋದರೆ ಮೇಜಿನ ಮೇಲೆ ಒಂದು ತಟ್ಟೆ ಕುನಾಫಾ ಸಿಹಿ, ಬಿಸಿಬಿಸಿ. ಮೇಷ್ಟ್ರು ಪಾಸಾಗದೆ ಇರುತ್ತಾರೆಯೇ ಎಂದು ಹುಡುಗರು ತರಿಸಿದ್ದರು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೊರಡಬಹುದಿತ್ತು. ಅದನ್ನು ಯೋಚಿಸಿಯೂ ಯೋಚಿಸಿದೆ.

“ಫೇಲಾದೆ,” ಎಂದೆ.

ಹಿಂದಿನ ಬೆಂಚಿನಿಂದ ಯಾಮೆನ್ ಎಂಬ ಔಷಧದಂಗಡಿಯವನು ಕೇಳಿದ, “ಮೊದಲ್ನೇ ಮಾಡಿ ತೋರ್ಸೋದಕ್ಕೆ ಎಷ್ಟು ನಿಮಿಷ ತಗೊಂಡ್ರಿ ಮೇಷ್ಟ್ರೇ?”

“ನಲವತ್ತೊಂದು.”

“ಅಷ್ಟು ಹೊತ್ತು ಏನ್ ಮಾಡ್ತಿದ್ರಿ?”

“ತಂತಿಗಳಿಗೆ ಹೆಸರು ಬರೀತಿದ್ದೆ.”

ಅವರು ನಕ್ಕ ನಗೆಗೆ ಹಾಲಾ ಮೇಡಂ ಪಕ್ಕದ ಕೋಣೆಯಿಂದ ಬಂದು ನೋಡಿದರು. ನನಗೆ ನಾಚಿಕೆಯಾಯಿತು, ನಿಜ. ಆದರೂ ಎರಡು ತುಂಡು ಕುನಾಫಾ ತಿಂದೆ.

ಸಬ್ರೀನ್ ಮಾತ್ರ ನಗಲಿಲ್ಲ. ಎಲ್ಲರೂ ಹೋದ ಮೇಲೆ ಒಂದು ಅಭ್ಯಾಸದ ಪ್ರಶ್ನೆ ತೆರೆದು ನನ್ನನ್ನು ಕೂರಿಸಿದಳು.

“ನಿಮ್ ಕ್ಲಾಸ್ ನಂಗೆ ಬೇಡ ಮೇಷ್ಟ್ರೇ. ಬೇಕು ಅನ್ನಿಸ್ದಾಗ ನಾನೇ ಕೇಳ್ತೀನಿ, ಹಿಂಗೆ ಬಿಟ್ಟಿ ಸಿಗೋದು ಬೇಡ. ಮಾಡಿ.”

ಮಾಡಿದೆ. ಕೇಳಿದ್ದು ಮುಗಿದ ಕೂಡಲೇ ಕೈ ಮತ್ತೊಂದು ಸ್ವಿಚ್ಚಿನ ಕಡೆ ಹೊರಟಿತು. ಅವಳು ಕೀಬೋರ್ಡನ್ನೇ ಎಳೆದುಕೊಂಡಳು.

“ಅದನ್ನ ಯಾರು ಕೇಳಿದ್ರು?”

“ಯಾರೂ ಇಲ್ಲ. ಆದ್ರೆ ಕೆಟ್ಟಿದೆಯಲ್ಲಮ್ಮ.”

“ಕೆಟ್ಟಿರ್ಲಿ ಬಿಡಿ.”

ಆರು ದಿನ ಹೀಗೇ ನಡೆಯಿತು. ಕಲಿಸಿದವನಿಗೆ ಕಲಿತವಳಿಂದ ಬೈಸಿಕೊಳ್ಳುವುದು ಸುಲಭವಲ್ಲ. ಅವಳೂ ಬೈಯುವುದರಲ್ಲಿ ಜಿಪುಣತನ ಮಾಡಲಿಲ್ಲ.

ತಿಂಗಳ ಇಪ್ಪತ್ತೊಂಬತ್ತಕ್ಕೆ ಮತ್ತೆ ಅಮ್ಮಾನ್. ಈ ಸಲ ಒಂದು ಶಾಲೆಯ ನೆಟ್‌ವರ್ಕ್ ಬಂತು. ಗ್ರಂಥಾಲಯವನ್ನು ಇಂಟರ್ನೆಟ್ಟಿಗೆ ಜೋಡಿಸಿ ಎಂದಿತ್ತು. ಒಂಬತ್ತು ನಿಮಿಷದಲ್ಲಿ ಜೋಡಿಸಿದೆ. ಅಷ್ಟರಲ್ಲಿ ಪ್ರಯೋಗಶಾಲೆಯ ಸ್ವಿಚ್ ಕಣ್ಣಿಗೆ ಬಿತ್ತು, ಅದರಲ್ಲಿ ತಂತಿ ಸೇರುವ ಬಾಗಿಲನ್ನೇ ಯಾರೋ ಮುಚ್ಚಿಟ್ಟಿದ್ದರು. ತೆರೆಯಲು ಒಂದೇ ಸಾಲಿನ ಆಜ್ಞೆ, ಹತ್ತು ಸೆಕೆಂಡಿನ ಕೆಲಸ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ, ಮೂಗಿನಿಂದ ಮುಂದಿನ ಗುಂಡಿ ಒತ್ತುವಂತಿದ್ದರೆ ಒತ್ತುತ್ತಿದ್ದೆ. ಕೊನೆಗೆ ಒಂದು ಕೈ ತೆಗೆದು ಒತ್ತಿದೆ. ಎಪ್ಪತ್ತೂ ಮುಗಿಸಿದೆ, ಪಾಸಾದೆ. ಕ್ಲಾಸು ಉಳಿಯಿತು.

ಮನೆಗೆ ಬಂದರೆ ನನ್ನ ಹೆಂಡತಿ ಇತಿದಾಲ್ ಬಾಗಿಲಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದಳು. ಪಾಸಾದ ಸುದ್ದಿ ಹೇಳಿದೆ.

“ಮತ್ತೆ ಮುಖ ಯಾಕೆ ಹರಳೆಣ್ಣೆ ಕುಡ್ದೋರ ಹಂಗಿದೆ?”

“ಒಂದು ಶಾಲೆ ಕಣೇ. ಪ್ರಯೋಗಶಾಲೆ ಹಂಗೇ ಬಿಟ್ಟು ಬಂದೆ. ಪಾಪ ಮಕ್ಕಳು.”

“ಯಾವ ಶಾಲೆ?”

“ಪರೀಕ್ಷೇಲಿ ಬಂದಿದ್ದು. ಅಂಥದ್ದು ಇಲ್ಲ.”

ಅವಳು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದಳು.

“ಇಲ್ಲದ ಶಾಲೆಗೆ ಅಳ್ತಾ ಇದ್ದೀರಿ. ನಾನು ಇಲ್ಲಿ ಯಾಕೆ ಕೂತಿದ್ದೀನಿ ಗೊತ್ತಾ? ಬಾಗಿಲ ಬೆಲ್ ಕೆಟ್ಟು ಎರಡು ವರ್ಷ ಆಯ್ತು. ಯಾರಾದ್ರೂ ಬಂದ್ರೆ ಒಳಗೆ ಕೇಳ್ಸಲ್ಲ. ಕೇಳದೇ ಇದ್ದಿದ್ದನ್ನ ಊರಿಗೆಲ್ಲ ಮಾಡ್ತೀರಿ. ನಾನು ಕೇಳಿದ್ದೀನಿ ಕಣ್ರೀ. ಎಷ್ಟು ಸಲ ಕೇಳಿದ್ದೀನಿ. ಮನೆಗೆ ಮಾರಿ, ಊರಿಗೆ ಉಪಕಾರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ನೋಯಿಸಿತು. ನಾನು ಕೋಟು ಕೂಡ ತೆಗೆಯದೆ ಏಣಿ ತಂದೆ.