ಶಾಲೆಯ ತಾರಸಿ ಮೇಲಿನ ತೋಪು

ಇರಾಕಿನ ಮೇಲೆ ಯುದ್ಧ ಶುರುವಾದ ವಾರ, ಡಾಲಸ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಹನಾ ಊಟವನ್ನೂ ಬಿಟ್ಟು ಬಾಗ್ದಾದಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡುತ್ತಲೇ ಇದ್ದಳು. ಲೈನ್ ಸಿಗುತ್ತಿರಲಿಲ್ಲ. ಸಮಾಧಾನ ಹೇಳಲು ಹೋಗಿ ನಾನು, “ನಿಮ್ಮವರ ಹತ್ತಿರ ವಿಮಾನ ಹೊಡೆಯೋ ತೋಪುಗಳು ಇನ್ನೂ ಜೋರಾಗಿದ್ದಿದ್ರೆ ಈ ಅಮೆರಿಕದವರು ಒಳಗೆ ಬರೋಕೆ ಹೆದರ್ತಿದ್ರು,” ಅಂದೆ.

ಅವಳು ಫೋನ್ ಕೆಳಗಿಟ್ಟಳು. “ಇರಬಹುದು. ಆದರೆ ಅಂಥದ್ದೊಂದು ತೋಪು ಅಮ್ಮನ ಮನೆ ಎದುರಿನ ಶಾಲೆ ತಾರಸಿ ಮೇಲಿದೆ. ಅದು ಜೋರಾಗಿದ್ದಷ್ಟೂ ಬಾಂಬು ಮೊದಲು ಅಲ್ಲಿಗೇ ಬೀಳುತ್ತೆ.”

ಮಧ್ಯಾಹ್ನವೆಲ್ಲ ನನ್ನ ಕಿವಿ ಅವಳ ಫೋನಿನ ಕಡೆಗೇ ಇತ್ತು.

ಸಂಜೆ ಲೈನ್ ಸಿಕ್ಕಿತು. ಅರಬಿಯಲ್ಲಿ ಮಾತಾಡುತ್ತಾ ಅವಳು ಅತ್ತಳು, ಆಮೇಲೆ ನಕ್ಕಳು. “ಸೈನಿಕರು ತೋಪು ಎತ್ತಿಕೊಂಡು ಎಲ್ಲೋ ಹೊರಟುಹೋದರಂತೆ. ಅಮ್ಮ ಸ್ವಲ್ಪ ನಿದ್ದೆ ಮಾಡಿದರಂತೆ.”

ಒಂದು ದೇಶದ ರಕ್ಷಣೆ ಕಡಿಮೆಯಾಯಿತೆಂದು ನಾನು ಅಷ್ಟೊಂದು ಖುಷಿಪಟ್ಟಿದ್ದು ಅದೊಂದೇ ಸಲ.