ಮೋರೇರ ಮನೆಯೊಳಗೆ ಒಂದು ಮಧ್ಯಾಹ್ನ

ಮದುವೆಯಾಗಿ ಗಂಗಾವತಿಗೆ ಬಂದಾಗ ನನ್ನ ಪಿಎಚ್‌ಡಿ ಅರ್ಧಕ್ಕೆ ಬಂದಿತ್ತು. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಕಟ್ಟಿದ ಕಲ್ಲಿನ ಗೋರಿಗಳಿವೆಯಲ್ಲ, ಅವುಗಳ ಮೇಲೆ ಬರೆಯುತ್ತಿದ್ದೆ. ಮೊದಲು ಮಗಳು ಹುಟ್ಟಿದಳು, ಆಮೇಲೆ ಮಗ. ಮಾವನವರಿಗೆ ಲಕ್ವಾ ಹೊಡೆಯಿತು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ವರ್ಷ ವರ್ಷಕ್ಕೂ ಹೊಸ ಆದೇಶ, ಹೊಸ ಅರ್ಜಿ. ಗುಡ್ಡ ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರ್ ಕೂಡ ಇಲ್ಲ. ಆದರೂ ಎಂಟು ವರ್ಷ ನಾನು ಆ ಕಡೆ ಹೋಗಿರಲಿಲ್ಲ.

ಯಾರೂ ನನ್ನನ್ನು ತಡೆದಿರಲಿಲ್ಲ. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಮಾತು ಕಡಿಮೆ, ಒಳ್ಳೆಯ ಮನುಷ್ಯ. ಅತ್ತೆ ನನ್ನನ್ನು ಒಂದು ದಿನವೂ ಬೈದವರಲ್ಲ. ಹಾಗಾಗಿ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಅಂಗಳದಲ್ಲಿ ನಿಂತರೆ ಹಿಂದಿನ ರೈಸ್‌ಮಿಲ್ಲಿನ ಹೊಟ್ಟು ತಲೆಯ ಮೇಲೆ ಬೀಳುತ್ತಿತ್ತು. ಕಸ ಹೊಡೆದು ತಿರುಗುವಷ್ಟರಲ್ಲಿ ಮತ್ತೆ ಬಿದ್ದಿರುತ್ತಿತ್ತು. ನಾನು ಹುಟ್ಟಿದ್ದು ತಾವರಗೇರಾದ ಕಪ್ಪು ಮಣ್ಣಿನ ಎರಿಹೊಲದ ಬಯಲಿನಲ್ಲಿ. ಅಲ್ಲಿ ಕಣ್ಣು ಹರಿದಷ್ಟು ದೂರ ಏನೂ ಅಡ್ಡ ಬರುತ್ತಿರಲಿಲ್ಲ. ಇಲ್ಲಿ ಮಹಡಿ ಹತ್ತಿದರೂ ಎದುರಿಗೆ ಮಿಲ್ಲಿನ ಗೋಡೆ.

ಒಂದು ದಿನ ಪ್ರಾಂಶುಪಾಲರು ಕರೆದರು. ಸ್ವೀಡನ್ನಿನಿಂದ ಒಬ್ಬ ಹೆಣ್ಣುಮಗಳು ಅನುಮತಿ ಪತ್ರ ತಗೊಂಡು ಬಂದಿದ್ದಾರೆ, ಗುಡ್ಡದ ಮೇಲಿನ ಕೆರೆಯ ಕೆಸರು ಬೇಕಂತೆ ಎಂದರು.

"ನಿಮಗ ಆ ಜಾಗಾ ಗೊತ್ತೈತಿ, ಇಂಗ್ಲಿಷೂ ಬರತೈತಿ. ಒಂದ ದಿನ ಹೋಗಿ ಬರ್ರಿ."

ಆಕೆಗೆ ಅರವತ್ತರ ಹತ್ತಿರ ವಯಸ್ಸು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಹಳೆಯ ಕೆರೆಗಳ ತಳದ ಕೆಸರನ್ನು ಕೊಳವೆಯಲ್ಲಿ ಎತ್ತಿ, ಅದರೊಳಗೆ ಉಳಿದಿರುವ ಹೂವಿನ ಪರಾಗವನ್ನು ನೋಡಿ, ಯಾವ ಕಾಲದಲ್ಲಿ ಅಲ್ಲಿ ಕಾಡಿತ್ತು, ಯಾವಾಗ ಹೊಲವಾಯಿತು ಎಂದು ಹೇಳುವುದು ಆಕೆಯ ವಿದ್ಯೆ. ಅವರ ದೇಶದಲ್ಲೂ ಇಂಥ ಕಲ್ಲಿನ ಗೋರಿಗಳಿವೆ, ನಮ್ಮವಕ್ಕಿಂತ ಬಹಳ ಹಳೆಯವು. ಅವನ್ನು ಕಟ್ಟಿದವರು ಕಾಡು ಕಡಿದದ್ದು, ಬೇಸಾಯ ಮಾಡಿದ್ದು ಕೆಸರಿನಿಂದ ಗೊತ್ತಾಗಿದೆ. ಇಲ್ಲಿಯೂ ಹಾಗೆ ನೋಡಬೇಕೆಂದು ಬಂದಿದ್ದರು.

ಊರಿನ ಒಬ್ಬ ಕುರಿ ಕಾಯುವ ಅಜ್ಜ ದಾರಿ ತೋರಿಸಲು ಬಂದ. ದೀಪಾವಳಿ ಆಗಿ ವಾರವಾಗಿತ್ತು, ಮೋಡ ಮುಸುಕಿತ್ತು, ಗುಡ್ಡದ ತುಂಬ ಸೀತಾಫಲ ಒಡೆದು ಬಿದ್ದಿದ್ದವು. ಅಜ್ಜ ಹತ್ತುತ್ತಲೇ ಕಥೆ ಹೇಳಿದ.

"ಮೋರೇರು ಅಂದ್ರ ಗಿಡ್ಡ ಮಂದಿ ರೀ ಅಕ್ಕೋರ. ಮೂರು ಫೂಟು. ಇವು ಅವರ ಮನಿ."

"ಮನಿ ಅಲ್ಲ ಅಜ್ಜಾ, ಗೋರಿ," ಎಂದೆ.

"ಸತ್ತವರಿಗೆ ಕಿಡಕಿ ಯಾಕ ಬೇಕ್ರಿ?"

ಕಲ್ಲಿನ ಚಪ್ಪಡಿಗಳಲ್ಲಿ ಕೊರೆದ ದುಂಡು ಕಿಂಡಿಗಳ ಬಗ್ಗೆ ಅವನು ಹೇಳುತ್ತಿದ್ದ. ಅನುವಾದಿಸಿ ಹೇಳಿದಾಗ ಆಕೆ ನಕ್ಕು, ಈ ಪ್ರಶ್ನೆಗೆ ತಮ್ಮಲ್ಲಿಯೂ ಸರಿಯಾದ ಉತ್ತರವಿಲ್ಲ ಎಂದರು.

ಮಧ್ಯಾಹ್ನದ ಹೊತ್ತಿಗೆ ಕೆರೆಯ ಕೆಸರು ಕೊಳವೆಗೆ ಬಂತು. ಅಜ್ಜ ಕೊಳವೆಗಳನ್ನು ಗೋಣಿಚೀಲದಲ್ಲಿ ಸುತ್ತುತ್ತಾ ಕೆರೆಯ ದಂಡೆಯಲ್ಲೇ ಕುಳಿತ. ನಾವಿಬ್ಬರೂ ಒಂದು ದೊಡ್ಡ ಗೋರಿಯ ಒಳಗಿನ ಅಳತೆ ತೆಗೆಯಲು ಹೋದೆವು. ನಾಲ್ಕು ಕಡೆ ನಿಂತ ಚಪ್ಪಡಿ, ಮೇಲೊಂದು ಮುಚ್ಚಳದ ಚಪ್ಪಡಿ. ನಾನು ಮೊದಲು ಕಿಂಡಿಯಿಂದ ತಲೆ ತೂರಿಸಿ ತೆವಳಿದೆ. ಆಕೆ ತಮ್ಮ ದಪ್ಪ ಚೀಲವನ್ನು ಮೊದಲು ಒಳಗೆ ತಳ್ಳಿ, ಒಂದು ಭುಜ ಮುಂದೆ, ಒಂದು ಭುಜ ಹಿಂದೆ ಮಾಡಿಕೊಂಡು ಕಷ್ಟದಿಂದ ಬಂದರು. ಒಳಗೆ ನಿಲ್ಲುವಂತಿರಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ಟೇಪು ಹಿಡಿದೆವು.

ಅಷ್ಟರಲ್ಲಿ ಹೊರಗೆ ಯಾರೋ ಜೋರಾಗಿ ಗಾಳಿ ಊದಿದ ಹಾಗೆ ಸಪ್ಪಳವಾಯಿತು. ಅಜ್ಜನಿರಬೇಕೆಂದು ಕಿಂಡಿಯಿಂದ ನೋಡಿದೆ. ಹತ್ತು ಹೆಜ್ಜೆ ಆಚೆ ಹುತ್ತಕ್ಕೆ ಮೂತಿ ಹಚ್ಚಿ ಕರಡಿ ನಿಂತಿತ್ತು. ಅದರ ಬೆನ್ನ ಮೇಲೆ ಮರಿ ಇತ್ತು.

ನಾನು ಆಕೆಯ ಬಾಯಿಗೆ ಕೈ ಅಡ್ಡ ಇಟ್ಟೆ. ಮರಿ ಇರುವ ಕರಡಿ ಮನುಷ್ಯರನ್ನು ಕಂಡರೆ ಬಿಡುವುದಿಲ್ಲ ಎಂದು ಈ ಕಡೆ ಎಲ್ಲರಿಗೂ ಗೊತ್ತು. ಮೊಬೈಲ್ ತೆಗೆದು ನೋಡಿದೆ. ನೆಟ್‌ವರ್ಕ್ ಇರಲಿಲ್ಲ.

ಮೊದಲ ಅರ್ಧ ಗಂಟೆ ನಾವು ಅಲುಗಾಡಲಿಲ್ಲ. ಕರಡಿ ಹುತ್ತ ಬಿಟ್ಟು ಸೀತಾಫಲದ ಗಿಡಕ್ಕೆ ಹೋಗುತ್ತಿತ್ತು, ಮತ್ತೆ ಹುತ್ತಕ್ಕೆ ಬರುತ್ತಿತ್ತು. ಆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಆಮೇಲೆ ಆಕೆಯ ಉಸಿರು ಕೆಟ್ಟಿತು. ತಮಗೆ ಮುಚ್ಚಿದ ಜಾಗ ಆಗಿಬರುವುದಿಲ್ಲ, ಕೆರೆಗಳ ಕೆಲಸ ಹಿಡಿದದ್ದೇ ಅದಕ್ಕಾಗಿ ಎಂದು ತಡವರಿಸಿ ಹೇಳಿದರು. ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆಯಿತು. ಮಗ ಜ್ವರದಲ್ಲಿ ನಡುಗುವಾಗ ಮಾಡುವಂತೆ ನಾನು ಆಕೆಯ ಬೆನ್ನು ಸವರಿದೆ. ಏನಾದರೂ ಹೇಳಿ, ನೀವು ಅಗೆದ ಒಂದು ಜಾಗದ ಬಗ್ಗೆ ಹೇಳಿ ಎಂದು ಪಿಸುಗುಟ್ಟಿದೆ.

ಆಕೆ ಹೇಳಿದ್ದು ಗ್ರೀನ್‌ಲ್ಯಾಂಡಿನ ಒಂದು ಮನೆಯ ವಿಷಯ. ಸಾವಿರ ವರ್ಷದ ಹಿಂದೆ ತಮ್ಮ ಕಡೆಯ ಜನ ಅಲ್ಲಿ ಹೋಗಿ ಬೇಸಾಯದ ಮನೆಗಳನ್ನು ಕಟ್ಟಿಕೊಂಡಿದ್ದರು. ಮಣ್ಣು ಹುಲ್ಲಿನ ದಪ್ಪ ಗೋಡೆ, ಒಂದಕ್ಕೊಂದು ಅಂಟಿದ ಕೋಣೆಗಳು, ಒಳಗೇ ಹಸುಗಳ ಕೊಟ್ಟಿಗೆ. ಹಿಮ ಬಿದ್ದರೆ ತಿಂಗಳುಗಟ್ಟಲೆ ಯಾರೂ ಹೊರಗೆ ಬರುವಂತಿಲ್ಲ. ಆರೇಳು ನೂರು ವರ್ಷದ ಹಿಂದೆ ಚಳಿ ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು, ಹುಲ್ಲು ಸಾಲದಾಯಿತು. ಆಕೆ ವಿದ್ಯಾರ್ಥಿನಿಯಾಗಿದ್ದಾಗ ಆ ಮನೆಯ ನೆಲದ ಮಣ್ಣನ್ನು ಜರಡಿ ಹಿಡಿದು ಸತ್ತ ನೊಣಗಳನ್ನು ಆರಿಸುವ ಕೆಲಸ ಮಾಡಿದ್ದರಂತೆ. ಬೆಚ್ಚಗಿನ ಕೋಣೆಯಲ್ಲಿ ಬದುಕುವ ನೊಣ ಒಂದು ಪದರದವರೆಗೆ ಸಿಗುತ್ತದೆ, ಅದರ ಮೇಲೆ ಸಿಗುವುದಿಲ್ಲ. ಅಂದರೆ ಅಲ್ಲಿಗೆ ಒಲೆ ಆರಿತು. ಹಸುಗಳ ಗೊರಸು ಮಾತ್ರ ಉಳಿದಿದ್ದವು. ಬೇಟೆನಾಯಿಯ ಮೂಳೆಯ ಮೇಲೆ ಚಾಕುವಿನ ಗೆರೆ ಇತ್ತು, ಹಸಿವಿಗೆ ಅದನ್ನೂ ಕೊಯ್ದು ತಿಂದಿದ್ದರು.

"ಮತ್ತೆ ಆ ಜನ?" ಎಂದು ಕೇಳಿದೆ.

ಮನುಷ್ಯರ ಮೂಳೆ ಆ ಮನೆಯಲ್ಲಿ ಸಿಗಲಿಲ್ಲ ಎಂದರು. ಎದ್ದು ಎಲ್ಲಿಗೋ ಹೋಗಿರಬೇಕು. ಎಲ್ಲಿಗೆಂದು ಮಣ್ಣು ಹೇಳುವುದಿಲ್ಲ.

ಆಕೆಯ ಉಸಿರು ಹದಕ್ಕೆ ಬಂದಿತ್ತು. ಈಗ ನೀನು ಹೇಳು ಎಂದರು. ನಾನು ಪಿಎಚ್‌ಡಿಯ ಮಾತು ತೆಗೆದೆ. ಇಂಗ್ಲಿಷಿನಲ್ಲಿ ಶುರು ಮಾಡಿದವಳು ಯಾವಾಗ ಕನ್ನಡಕ್ಕೆ ಹೊರಳಿದೆನೋ ಗೊತ್ತಿಲ್ಲ. ಮಿಲ್ಲಿನ ಹೊಟ್ಟು, ಮಾವನ ಔಷಧಿಯ ವೇಳೆ, ಎಂಟು ವರ್ಷ, ಎಲ್ಲ ಹೇಳಿದೆ. ಗಂಡನಿಗೂ ಹೇಳಿರದ ಮಾತು ಅವು. ಆಕೆಗೆ ಒಂದು ಅಕ್ಷರವೂ ತಿಳಿದಿರಲಾರದು. ನಡುವೆ ತಡೆಯದೆ ಕೇಳಿದರು.

ಒಮ್ಮೆಲೇ ಒಳಗೆ ಕತ್ತಲಾಯಿತು. ಕಿಂಡಿಯ ತುಂಬ ಕರಡಿಯ ಮುಖ. ಕೊಳೆತ ಹಣ್ಣು ಮತ್ತು ಮಣ್ಣು ಬೆರೆತ ಬಿಸಿ ಉಸಿರು ನನ್ನ ಮುಖಕ್ಕೆ ಬಡಿಯಿತು. ನಾನು ಆಕೆಯ ದಪ್ಪ ಚೀಲವನ್ನು ಕಿಂಡಿಗೆ ತುರುಕಿ ಎರಡೂ ಕಾಲಿನಿಂದ ಒತ್ತಿ ಹಿಡಿದೆ. ಹೊರಗಿನಿಂದ ಉಗುರು ಚೀಲವನ್ನು ಪರಚುವುದು ಅಂಗಾಲಿಗೆ ಗೊತ್ತಾಗುತ್ತಿತ್ತು. ಆಕೆಯೂ ಪಕ್ಕದಲ್ಲಿ ಕುಳಿತು ಕಾಲು ಕೊಟ್ಟರು. ಇಲ್ಲಿಯೇ ಸತ್ತರೆ ಮುಂದೊಂದು ದಿನ ಯಾರೋ ನಮ್ಮ ಮೂಳೆ ಅಳೆಯುತ್ತಾರೆ ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಮಕ್ಕಳ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲಿಲ್ಲ.

ಆಗ ಗುಡ್ಡವೇ ಮೊಳಗಿದಂತೆ ಧಣ್, ಧಣ್ ಎಂದು ಕೇಳಿತು. ಮೇಲಿನ ಬಂಡೆಯ ಮೇಲೆ ಒಂದು ಗುಂಡುಕಲ್ಲಿದೆ, ಹೊಡೆದರೆ ನಗಾರಿಯಂತೆ ದೂರದವರೆಗೆ ಸದ್ದಾಗುತ್ತದೆ. ಅಜ್ಜ ಅದನ್ನು ಹತ್ತಿ ಕಲ್ಲಿನಿಂದ ಬಡಿಯುತ್ತಿದ್ದ. ಚೀಲದ ಮೇಲಿನ ಒತ್ತಡ ನಿಂತಿತು.

"ಅಕ್ಕೋರ, ಹೊರಗ ಬರಬ್ಯಾಡ್ರಿ! ಇನ್ನೂ ಅಲ್ಲೇ ಐತಿ!" ಎಂದು ಕೂಗಿದ.

ಮತ್ತೆ ಬಡಿದ. ಎಷ್ಟೋ ಹೊತ್ತಿನ ಮೇಲೆ ಅವನ ದನಿ ಕಿಂಡಿಯ ಹತ್ತಿರವೇ ಬಂತು. "ಹೋತು ಬರ್ರಿ. ಮರಿ ತಗೊಂಡು ಕೆಳಗ ಇಳೀತು."

ನಾನು ಸಲೀಸಾಗಿ ಹೊರಗೆ ಬಂದೆ. ಆಕೆಯ ಭುಜ ಕಿಂಡಿಯಲ್ಲಿ ಸಿಕ್ಕಿಕೊಂಡಿತು. ಒಂದು ಗಳಿಗೆ ಅತ್ತುಬಿಟ್ಟರು. ಅಜ್ಜ ಎರಡೂ ಕೈ ಹಿಡಿದು, "ನಿಧಾನಕ ಬಾ ಯವ್ವಾ, ಏನೂ ಆಗಂಗಿಲ್ಲ," ಎಂದು ಎಳೆದುಕೊಂಡ. ಭಾಷೆ ತಿಳಿಯದಿದ್ದರೂ ಆಕೆ ತಲೆ ಆಡಿಸುತ್ತಾ ಬಂದರು.

ಗುಡ್ಡದ ಬುಡದಲ್ಲಿ ಗಂಡ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಫೋನು ಹತ್ತದೆ ಹುಡುಕಿಕೊಂಡು ಬಂದಿದ್ದರು. ಆದದ್ದನ್ನು ಕೇಳಿ ಮುಖ ಕಪ್ಪಿಟ್ಟಿತು. "ಇನ್ನ ಮ್ಯಾಲ ಈ ಗುಡ್ಡದ ಸುದ್ದಿ ಬ್ಯಾಡ," ಎಂದರು. ಆಕೆ ಕೊಳವೆಗಳೊಂದಿಗೆ ತಮ್ಮ ಕಾರು ಹತ್ತಿದರು, ನಾನು ಬೈಕ್ ಹತ್ತಿದೆ.

ಮನೆಯಲ್ಲಿ ಅತ್ತೆ ನನ್ನ ತರಚಿದ ಮೊಣಕೈಗೆ ಅರಿಶಿನ ಹಚ್ಚಿದರು. ಹಚ್ಚುತ್ತಾ ಕೇಳಿದರು, "ಒಳಗ ಕುಂತಾಗ ಹೆಂಗ ಅನಸ್ತು?"

"ಉಸಿರು ಕಟ್ಟಿದಂಗ ಆತು ಅತ್ತಿ."

"ನನಗ ಹಂಗ ಭಾಳ ಸಲ ಆಗೇತಿ," ಎಂದರು. "ಈ ಮನಿಗೆ ಬಂದ ಹೊಸದಾಗಿ ದಿನಾ ಆಗತಿತ್ತು. ಯಾರಿಗಿ ಹೇಳಬೇಕಿತ್ತು?"

ನಾನು ಅವರ ಮುಖ ನೋಡಿದೆ. ಹತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ನಿಂತಿದ್ದೆವು. ಅವರು ಅರಿಶಿನದ ಕೈ ತೊಳೆದುಕೊಳ್ಳಲು ಎದ್ದು ಹೋದರು.

ನಾಲ್ಕು ತಿಂಗಳಿಗೆ ಸ್ವೀಡನ್ನಿನಿಂದ ಪತ್ರ ಬಂತು. ಕೆಸರು ಕಲಕಿಹೋಗಿದೆ, ಗೋರಿ ಕಟ್ಟಿದವರ ಕಾಲದ್ದು ಎನ್ನುವಂಥ ಪದರ ಯಾವುದೂ ಉಳಿದಿಲ್ಲ ಎಂದು ಬರೆದಿದ್ದರು. ಅಜ್ಜನಿಗೆ ಹೇಳಿದರೆ ಅವನು, "ದನಕ್ಕ ನೀರು ನಿಲ್ಲಲಿ ಅಂತ ನಮ್ಮ ಹಿರ್ಯಾರು ಹೂಳು ಎತ್ತತಿದ್ರಲ್ರಿ, ಮೊದಲ ಕೇಳಿದ್ರ ಹೇಳತಿದ್ದೆ," ಎಂದ. ನಾವು ಕೇಳಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ಭಾನುವಾರಗಳಂದು ಗುಡ್ಡಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿದೆ. ಗಂಡ ಬೇಡವೆಂದರು. ಮಾವನನ್ನು ನೋಡುವವರಾರು ಎಂದರು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಾ ಅದೀನಲ್ಲ. ಹೋಗಲಿ ಬಿಡು," ಎಂದರು.

ವಿಶ್ವವಿದ್ಯಾಲಯದಲ್ಲಿ ನನ್ನ ನೋಂದಣಿಯ ಅವಧಿ ಯಾವತ್ತೋ ಮುಗಿದಿದೆ. ಹೊಸದಾಗಿ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ. ಈ ವರ್ಷದ ಕೆಲಸದ ಆದೇಶವೂ ಬಂದಿಲ್ಲ. ಎಲ್ಲ ಭಾನುವಾರ ಹೋಗಲು ಆಗುವುದಿಲ್ಲ. ತಿಂಗಳಿಗೆ ಒಂದೋ ಎರಡೋ ಸಲ ಆಗುತ್ತದೆ. ಹೋದ ದಿನ ಅಜ್ಜ ಮೊದಲು ಸುತ್ತ ನೋಡಿ ಬರುತ್ತಾನೆ, ಆಮೇಲೆ ನಾನು ಟೇಪು ತೆಗೆಯುತ್ತೇನೆ.