ಒಮ್ಮೆ ಮಾತ್ರ ಒರೆಸಿದ ಕಿಟಕಿ

ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಏಳುತ್ತಲೇ ನಮ್ಮ ಮಾಸ್ತರರು ದಪ್ಪ ಕನ್ನಡಕವನ್ನು ಮೂಗಿನಿಂದ ಕಿತ್ತು, ಅಂಗಿಯ ತುದಿಯಿಂದ ಉಜ್ಜತೊಡಗುತ್ತಿದ್ದರು. ಕಾರವಾರದ ಉಪ್ಪುಗಾಳಿಗೆ ಗಾಜು ಮಸುಕಾಗುತ್ತದೆ. ಕನ್ನಡಕವಿಲ್ಲದ ಅವರ ಕಣ್ಣು ಚಿಕ್ಕದಾಗಿ, ಕೆಂಪಗೆ ಕಾಣುತ್ತಿತ್ತು.

ಹಾರವಾಡದವರಾದ ಅವರು ಕಾಲೇಜಿನ ಹಿಂದಿನ ಕೋಣೆಯಲ್ಲಿ ಶುಕ್ರಗ್ರಹದ ಗಾಳಿಯ ಬೆನ್ನು ಹತ್ತಿದ್ದರು. ಅಲ್ಲಿರುವಂಥದೇ ಗಂಧಕದ ಅನಿಲವನ್ನು ಇಲ್ಲಿ ನಳಿಗೆಯೊಂದರಲ್ಲಿ ತುಂಬಿ, ಅದರ ಎರಡೂ ತುದಿಯ ಸ್ಫಟಿಕದ ಕಿಟಕಿಗಳ ಮೂಲಕ ಅತಿನೇರಳೆ ಬೆಳಕು ಹಾಯಿಸುವುದು. ಅನಿಲ ಎಷ್ಟು ಬೆಳಕು ನುಂಗಿತೆಂದು ಅಳೆಯುವುದು. ಬೆಳಿಗ್ಗೆ ಖಾಲಿ ನಳಿಗೆ, ಮಧ್ಯಾಹ್ನ ತುಂಬಿದ ನಳಿಗೆ. ಎರಡರ ವ್ಯತ್ಯಾಸವೇ ಉತ್ತರ. ಅವರ ಅಂಕಿಗಳನ್ನು ಹೊರದೇಶದವರೂ ಬಳಸುತ್ತಿದ್ದರು. ನನ್ನ ಸಂಶೋಧನಾ ಪ್ರಬಂಧವೂ ಅವುಗಳ ಮೇಲೆಯೇ ನಿಂತಿತ್ತು, ಒಪ್ಪಿಸುವುದೊಂದೇ ಬಾಕಿ.

"ಅಷ್ಟು ದೂರದ ಗಾಳಿ ತಕಂಡು ಏನ್ ಮಾಡ್ತ್ರಿ ಸರ್?" ಎಂದು ಕೆಣಕಿದರೆ, "ಇಲ್ಲಿ ಗಾಳಿಗೆ ಮೀನ್ ವಾಸ್ನೆ ಮಾರಾಯ್ತಿ, ಅಲ್ಲಿದಾದ್ರೂ ನೋಡ್ವ" ಎನ್ನುತ್ತಿದ್ದರು.

ಹೊಟ್ಟೆಯಲ್ಲಿ ಗಡ್ಡೆಯಿದೆ, ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ ಮೇಲೂ ಅವರು ಬರುವುದು ಬಿಡಲಿಲ್ಲ. ಅಂಥದೊಂದು ಮಧ್ಯಾಹ್ನ ಕನ್ನಡಕ ಒರೆಸುತ್ತಿದ್ದ ಕೈ ನಿಂತುಬಿಟ್ಟಿತು. ಎದ್ದು ಹೋಗಿ ನಳಿಗೆಯ ಕಿಟಕಿಯ ಮೇಲೆ ಬೆರಳಾಡಿಸಿದರು. ಬೆರಳಿಗೆ ಉಪ್ಪಿನ ಜಿಡ್ಡು ಹತ್ತಿತು.

"ಕನ್ನಡಕ ದಿನಾ ಮಧ್ಯಾಹ್ನ ಒರ್ಸ್ದೆ. ಇದನ್ನ ಬೆಳಿಗ್ಗೆ ಒಂದ್ಸಲ ಒರ್ಸಿ ಬಿಟ್ಟೆ," ಎಂದರು.

ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಮೇಲೆ ಕೂತ ಉಪ್ಪು ನುಂಗಿದ ಬೆಳಕನ್ನೂ ಇಷ್ಟು ವರ್ಷ ಅನಿಲದ ಲೆಕ್ಕಕ್ಕೆ ಬರೆದಿದ್ದೆವು. ಅಷ್ಟೂ ಅಂಕಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ಅವರು ಹೇಳಿದಾಗ ನಾನು ಅತ್ತೇಬಿಟ್ಟೆ.

"ಯಾರಿಗೆ ಗೊತ್ತಾಗ್ತದೆ ಸರ್? ಶುಕ್ರಕ್ಕೆ ಹೋಗಿ ನೋಡ್ದವ್ರು ಯಾರು?"

"ನಂಗೆ ಗೊತ್ತಾಯ್ತಲ್ಲ ತಂಗಿ. ಸತ್ತ ಮೇಲೆ ಒರ್ಸೂಕೆ ಬರ್ತದೆನೆ?"

ಮರುದಿನವೇ ವಿಜ್ಞಾನ ಪತ್ರಿಕೆಗೆ ತಪ್ಪಾಯಿತೆಂದು ಬರೆದರು. ಜೊತೆಯವರು ಬೆನ್ನ ಹಿಂದೆ ನಕ್ಕರು. ನನಗಂತೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೂ ನಳಿಗೆ ಹಿಡಿದು ಮೊದಲಿನಿಂದ ಶುರುಮಾಡಿದೆ.

ಕೊನೆಗೆ ಹಾರವಾಡದ ಮನೆಯಲ್ಲಿ ಕಂಡಾಗ ಅವರ ಮಾತು ನಡುನಡುವೆ ನಿಂತುಹೋಗುತ್ತಿತ್ತು. ಕಿಟಕಿಯ ಕಡೆ ತಿರುಗಿ, "ಒರ್ಸ್ದ್ಯಾ?" ಎಂದರು.

"ಒರ್ಸ್ದೆ ಸರ್," ಎಂದೆ. ಹೊಸ ಅಂಕಿ ಒಂದೂ ಇನ್ನೂ ನನ್ನ ಕೈಯಲ್ಲಿರಲಿಲ್ಲ. ಅದೇ ವಾರ ತೀರಿಕೊಂಡರು.

ಅಳತೆ ಮುಗಿಯಲು ಮತ್ತೆ ವರ್ಷಗಳೇ ಹಿಡಿದವು. ಆ ಅಂಕಿಗಳನ್ನು ಈಗ ಎಲ್ಲರೂ ಬಳಸುತ್ತಾರೆ, ನನ್ನ ಹೆಸರಿನಲ್ಲಿ. ಮಾಸ್ತರರ ಹೆಸರು ಹುಡುಕಿದರೆ ಸಿಗುವುದು ಆ ತಪ್ಪೊಪ್ಪಿಗೆಯೊಂದೇ.